ನೂರು ವರ್ಷ ಹಳೆಯ ಮಂಗಳಯಾನ: ಒಂದು 'ಅಗ್ಗದ' ಕಾದಂಬರಿಯ ಪರವಾಗಿ



ವಾಣಿಜ್ಯ ವಿಭಾಗದವರು ಕಥೆ ಪುಸ್ತಕ ಹಿಡಿದು ಕೂತರೆ ನೋಡಿದವರು ಕೇಳುವ ಮೊದಲ ಪ್ರಶ್ನೆ, "ಇದು ಪರೀಕ್ಷೆಗೆ ಬರುತ್ತದಾ?" ಆ ಪುಸ್ತಕದ ಮುಖಪುಟದಲ್ಲಿ ಕತ್ತಿ ಹಿಡಿದ ವೀರನೂ ನಾಲ್ಕು ಕೈಗಳ ರಾಕ್ಷಸನೂ ಇದ್ದರೆ ಪ್ರಶ್ನೆಯನ್ನೂ ಕೇಳುವುದಿಲ್ಲ, ನಕ್ಕು ಮುಂದೆ ಹೋಗುತ್ತಾರೆ. ಇಂಥ ಹಳೆಯ ಸಾಹಸ ಕಾದಂಬರಿಗಳನ್ನು ನಾವು ಓದಬೇಕು, ಓದುತ್ತಾ ಅವುಗಳ ಜೊತೆ ಜಗಳವನ್ನೂ ಆಡಬೇಕು ಎಂಬುದು ನನ್ನ ಅಭಿಪ್ರಾಯ. ಎರಡರಲ್ಲಿ ಒಂದನ್ನು ಬಿಟ್ಟರೂ ನಷ್ಟ ನಮಗೇ.

ನಾನು ಓದಿದ್ದು ಅಮೆರಿಕದ ಲೇಖಕ ಎಡ್ಗರ್ ರೈಸ್ ಬರೋಸ್ ಬರೆದ 'ಎ ಪ್ರಿನ್ಸೆಸ್ ಆಫ್ ಮಾರ್ಸ್'. ಟಾರ್ಜಾನ್‌ನನ್ನು ಸೃಷ್ಟಿಸಿದವರೂ ಇವರೇ. ಅಬ್ಬಾ ಅವರದು ಗುಜರಿ ಅಂಗಡಿ. ರದ್ದಿ ಪೇಪರ್ ತೂಕಕ್ಕೆ ಹೋಗುವ ಮೊದಲು ಪುಸ್ತಕಗಳನ್ನು ಬೇರೆ ಮಾಡುವ ಕೆಲಸ ರಜಾ ದಿನಗಳಲ್ಲಿ ನನ್ನದು. ಕಿಲೋಗೆ ಹತ್ತು ರೂಪಾಯಿ ಲೆಕ್ಕದ ರಾಶಿಯಲ್ಲಿ ಈ ಪುಸ್ತಕ ಇತ್ತು. ಹಾಳೆಗಳು ಹಳದಿಯಾಗಿದ್ದವು, ಅಂಚು ಮುಟ್ಟಿದರೆ ಪುಡಿಯಾಗುತ್ತಿತ್ತು. ಮುಖಪುಟ ನೋಡಿದ ಅಮ್ಮಿ "ಇದೇನಿದು?" ಎಂದರು. ಮಂಗಳ ಗ್ರಹದವರು ಬಟ್ಟೆಯ ಬದಲು ಒಡವೆ ತೊಡುತ್ತಾರೆ ಎಂದು ಲೇಖಕರು ಒಂದೆರಡು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಚಿತ್ರ ಬರೆದವರು ಮಾತ್ರ ಅಲ್ಲೇ ನಿಂತುಬಿಟ್ಟಿದ್ದಾರೆ. ಹಾಗಾಗಿ ಹಳೆಯ ಕ್ಯಾಲೆಂಡರ್ ಹಾಳೆಯಿಂದ ಪುಸ್ತಕಕ್ಕೆ ಹೊದಿಕೆ ಹಾಕಿಕೊಂಡು ಓದಿದೆ.

ಅಗ್ಗದ ಕಾಗದದ ಮೇಲೆ ಇದ್ದುದು ಆಕಸ್ಮಿಕವಲ್ಲ. ಇಂಥ ಕಥೆಗಳಿಗೆ 'ಪಲ್ಪ್' ಎಂಬ ಹೆಸರು ಬಂದದ್ದೇ ಕಾಗದದಿಂದ. ಮರದ ತಿರುಳಿನಿಂದ ಮಾಡಿದ ಒರಟು, ಅಗ್ಗದ ಕಾಗದ ಅದು. ಅಮೆರಿಕದ ಫ್ರಾಂಕ್ ಮನ್ಸಿ ಎಂಬ ಪ್ರಕಾಶಕ 1896ರಲ್ಲಿ ತನ್ನ 'ಆರ್ಗಸಿ' ಪತ್ರಿಕೆಯನ್ನು ಪೂರ್ತಿ ಕಥೆಗಳ ಪತ್ರಿಕೆ ಮಾಡಿ, ಆ ಕಾಗದದಲ್ಲಿ ಅಚ್ಚು ಹಾಕಿ, ಹತ್ತು ಸೆಂಟಿಗೆ ಮಾರಿದ. ನಮ್ಮ ಬಿಸಿನೆಸ್ ಸ್ಟಡೀಸ್ ಭಾಷೆಯಲ್ಲಿ ಹೇಳುವುದಾದರೆ, ವೆಚ್ಚ ಇಳಿಸಿ, ಬೆಲೆ ಇಳಿಸಿ, ಮಾರಾಟದ ಪ್ರಮಾಣದಲ್ಲಿ ಲಾಭ ಮಾಡುವ ಸೂತ್ರ. ಹೊಳಪಿನ ಕಾಗದದ ಪತ್ರಿಕೆಗಳನ್ನು ಕೊಳ್ಳಲಾಗದ ಕಾರ್ಮಿಕರೂ ಗುಮಾಸ್ತರೂ ಹುಡುಗರೂ ಇವುಗಳ ಓದುಗರಾದರು.

ಬರೋಸ್ ಅವರ ಕಥೆಯೂ ನಮ್ಮ ವಿಭಾಗದವರು ತಿಳಿಯಬೇಕಾದದ್ದು. ಅವರು ಒಂದರ ಹಿಂದೊಂದು ಕೆಲಸ ಬದಲಿಸಿ, ಯಾವುದರಲ್ಲೂ ನೆಲೆ ನಿಲ್ಲಲಿಲ್ಲ. ಮೂವತ್ತೈದರ ವಯಸ್ಸಿನಲ್ಲಿ ಪೆನ್ಸಿಲ್ ಶಾರ್ಪನರ್ ಮಾರುವ ವ್ಯಾಪಾರದಲ್ಲಿದ್ದರು, ಅದೂ ನಡೆಯುತ್ತಿರಲಿಲ್ಲ. ಅಗ್ಗದ ಪತ್ರಿಕೆಗಳನ್ನು ತಿರುವಿ ಹಾಕುತ್ತಾ, ಇಂಥ ಕಥೆಗೂ ದುಡ್ಡು ಕೊಡುತ್ತಾರೆಂದರೆ ನಾನೂ ಬರೆಯಬಲ್ಲೆ ಎಂದುಕೊಂಡು ಬರೆಯಲು ಕೂತರು. ಮನ್ಸಿಯ 'ಆಲ್-ಸ್ಟೋರಿ' ಪತ್ರಿಕೆಯಲ್ಲಿ 1912ರ ಫೆಬ್ರವರಿಯಿಂದ ಜುಲೈವರೆಗೆ ಆ ಕಥೆ ಧಾರಾವಾಹಿಯಾಗಿ ಬಂತು. ಸಿಕ್ಕಿದ್ದು 400 ಡಾಲರ್. ಲೆಕ್ಕ ಹಾಕಿದರೆ ಒಂದು ಪದಕ್ಕೆ ಒಂದು ಸೆಂಟೂ ಬೀಳುವುದಿಲ್ಲ. ಅದು ಪುಸ್ತಕವಾದದ್ದು 1917ರಲ್ಲಿ. 1923ರಲ್ಲಿ ಅವರು ತಮ್ಮ ಹೆಸರಿನಲ್ಲೇ ಕಂಪನಿ ನೋಂದಾಯಿಸಿ, ತಮ್ಮ ಕಥೆಗಳ ಹಕ್ಕುಗಳನ್ನು ತಾವೇ ನಿರ್ವಹಿಸಿದರು. ಟ್ರೇಡ್‌ಮಾರ್ಕ್ ಪಾಠ ಬಂದಾಗ ಟಾರ್ಜಾನ್ ಹೆಸರನ್ನು ಉದಾಹರಣೆಯಾಗಿ ಬರೆಯಬಹುದು. ಅದೇ ಮಂಗಳದ ಕಥೆಯನ್ನು ಡಿಸ್ನಿ ಕಂಪನಿ 2012ರಲ್ಲಿ 'ಜಾನ್ ಕಾರ್ಟರ್' ಹೆಸರಿನಲ್ಲಿ ಸಿನಿಮಾ ಮಾಡಿ ಭಾರೀ ನಷ್ಟ ಅನುಭವಿಸಿತು. 400 ಡಾಲರಿಗೆ ಓಡಿದ ಕುದುರೆ ಕೋಟಿಗಟ್ಟಲೆ ಸುರಿದರೂ ಓಡಲಿಲ್ಲ.

ಈಗ ಕಥೆಗೆ ಬರೋಣ. ಅಮೆರಿಕದ ಅಂತರ್ಯುದ್ಧ ಮುಗಿದಿದೆ. ಸೋತ ದಕ್ಷಿಣದ ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದ ಜಾನ್ ಕಾರ್ಟರ್ ಕೈಯಲ್ಲಿ ಕಾಸಿಲ್ಲದೆ ಅರಿಜೋನಾದ ಬೆಟ್ಟಗಳಲ್ಲಿ ಚಿನ್ನ ಹುಡುಕಲು ಹೋಗುತ್ತಾನೆ. ಅಪಾಚಿ ಯೋಧರು ಬೆನ್ನಟ್ಟುತ್ತಾರೆ, ಅವನು ಒಂದು ಗುಹೆ ಸೇರುತ್ತಾನೆ. ಅಲ್ಲಿ ಅವನ ದೇಹ ಅಲುಗಾಡದೆ ಬೀಳುತ್ತದೆ. ತನ್ನ ದೇಹವನ್ನು ತಾನೇ ನಿಂತು ನೋಡುತ್ತಾನೆ, ಆಕಾಶದಲ್ಲಿ ಕೆಂಪಗೆ ಹೊಳೆಯುವ ಮಂಗಳವನ್ನು ನೋಡುತ್ತಾನೆ, ಮರುಕ್ಷಣ ಅಲ್ಲಿದ್ದಾನೆ. ರಾಕೆಟ್ ಇಲ್ಲ, ವಿವರಣೆಯೂ ಇಲ್ಲ. ಹೇಗೆ ಹೋದ ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಗಾಜಿನ ಚಾವಣಿಯ ಕೆಳಗೆ ಮೊಟ್ಟೆಗಳು ಒಡೆದು ಹಸಿರು ಮರಿಗಳು ಹೊರಬರುತ್ತಿವೆ, ಹಿಂದಿನಿಂದ ಈಟಿ ಹಿಡಿದ ಹದಿನೈದು ಅಡಿ ಎತ್ತರದ ಸವಾರ ಬರುತ್ತಿದ್ದಾನೆ!

ಕಾರ್ಟರ್ ತಪ್ಪಿಸಿಕೊಳ್ಳಲು ಜಿಗಿಯುತ್ತಾನೆ, ಮೂವತ್ತು ಅಡಿ ಮೇಲೆ ಹೋಗುತ್ತಾನೆ. ಮಂಗಳದ ಗುರುತ್ವ ಭೂಮಿಯದರ ಸುಮಾರು ಶೇಕಡಾ 38 ಮಾತ್ರ, ಆದ್ದರಿಂದ ಉತ್ಪ್ರೇಕ್ಷೆ ಇದ್ದರೂ ಅದರ ಹಿಂದೊಂದು ಸತ್ಯ ಇದೆ. ಬತ್ತಿದ ಸಮುದ್ರಗಳು, ದೂರದಿಂದ ನೀರು ತರುವ ಕಾಲುವೆಗಳು, ಉಸಿರಾಡುವ ಗಾಳಿಯನ್ನೇ ತಯಾರಿಸುವ ಕಾರ್ಖಾನೆ, ಇವೆಲ್ಲ ಆ ಕಾಲದ ಚರ್ಚೆಯಿಂದ ಬಂದವು. 1877ರಲ್ಲಿ ಇಟಲಿಯ ಸ್ಕಿಯಾಪರೆಲ್ಲಿ ಮಂಗಳದ ಮೇಲೆ ಗೆರೆಗಳನ್ನು ಕಂಡೆ ಎಂದರು. ಅಮೆರಿಕದ ಪರ್ಸಿವಲ್ ಲೊವೆಲ್ ಅವು ಬುದ್ಧಿವಂತ ಜೀವಿಗಳು ತೋಡಿದ ಕಾಲುವೆಗಳು ಎಂದು ವಾದಿಸಿದರು. 1965ರಲ್ಲಿ ಮ್ಯಾರಿನರ್-4 ನೌಕೆ ಹತ್ತಿರದಿಂದ ಫೋಟೊ ತೆಗೆದಾಗ ಕಂಡದ್ದು ಕುಳಿಗಳು, ಕಾಲುವೆಗಳಲ್ಲ. ವಿಜ್ಞಾನ ಸುಳ್ಳಾಯಿತು, ಆದರೆ ಕಥೆ ವ್ಯರ್ಥವಾಗಲಿಲ್ಲ. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಬಾಲ್ಯದಲ್ಲಿ ಈ ಕಾದಂಬರಿಗಳನ್ನು ಓದಿ, ಬಯಲಿನಲ್ಲಿ ಕೈ ಚಾಚಿ ನಿಂತು ತನ್ನನ್ನೂ ಕರೆದುಕೊಳ್ಳುವಂತೆ ಮಂಗಳವನ್ನು ಬೇಡಿಕೊಂಡಿದ್ದರಂತೆ. ಮುಂದೆ ಅವರು ನಿಜವಾದ ಮಂಗಳಯಾನಗಳಲ್ಲೇ ಕೆಲಸ ಮಾಡಿದರು. "ಇದರಿಂದ ಏನು ಉಪಯೋಗ?" ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ನನಗೆ ನಗು ಬಂದ ಜಾಗವೂ ಇದೆ. ಕಾರ್ಟರ್ ಒಂದೇ ವಾರದಲ್ಲಿ ಮಂಗಳದ ಭಾಷೆ ಕಲಿತುಬಿಡುತ್ತಾನೆ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಈಗ ಅಕೌಂಟೆನ್ಸಿ ಇಂಗ್ಲಿಷಿನಲ್ಲಿ ಓದುತ್ತಿರುವ ನಮ್ಮಂಥವರನ್ನು ಕೇಳಿ ನೋಡಿ. ನಾನು 'ಅಲ್ಪಪ್ರಾಣ, ಮಹಾಪ್ರಾಣ' ಸರಿಮಾಡಿಕೊಳ್ಳಲು ಮೂರು ವರ್ಷ ತೆಗೆದುಕೊಂಡೆ.

ಇಷ್ಟೆಲ್ಲ ಹೊಸದಾಗಿ ಕಂಡರೂ ಓದುತ್ತಾ ಓದುತ್ತಾ ಇದು ನಮ್ಮ ಮನೆಯದೇ ಸರಕು ಅನ್ನಿಸಿತು. ನಾನಿ ಹೇಳುತ್ತಿದ್ದ ಅಮೀರ್ ಹಮ್ಜಾನ ಕಥೆಗಳಲ್ಲಿ ಅಮರ್ ಅಯ್ಯಾರ್ ಎಂಬ ಚಾಲಾಕಿಯ ಹತ್ತಿರ 'ಜಂಬೀಲ್' ಎಂಬ ಚೀಲ ಇರುತ್ತದೆ, ಅದರೊಳಗೆ ಏನು ಬೇಕಾದರೂ ಹಿಡಿಸುತ್ತದೆ. ಆ ದಾಸ್ತಾನ್‌ಗೆ ಅಕ್ಬರ್ ಬಾದಶಾ ನೂರಾರು ದೊಡ್ಡ ಚಿತ್ರಗಳನ್ನು ಬರೆಸಿದ್ದ. ಲಖನೌದ ನವಲ್ ಕಿಶೋರ್ ಪ್ರೆಸ್ 1883ರಿಂದ 'ತಿಲಿಸ್ಮ್-ಎ-ಹೋಶ್‌ರುಬಾ'ವನ್ನು ಸಾವಿರಾರು ಪುಟಗಳಲ್ಲಿ ಅಚ್ಚು ಹಾಕಿತು. ಬರೋಸ್ ಅವರ ಕಥೆ ಬರುವುದಕ್ಕಿಂತ ಸುಮಾರು ಮೂವತ್ತು ವರ್ಷ ಮೊದಲು! ಅಷ್ಟು ದೂರ ಯಾಕೆ, ನಮ್ಮ ವಿಜಯಪುರದ ಆದಿಲ್‌ಶಾಹಿ ಆಸ್ಥಾನದ ಕವಿ ನುಸ್ರತಿ 1657ರಲ್ಲೇ ದಖನಿಯಲ್ಲಿ 'ಗುಲ್ಶನ್-ಎ-ಇಶ್ಕ್' ಬರೆದ. ರಾಜಕುಮಾರ ಮನೋಹರ, ಮಧುಮಾಲತಿ, ಪರಿಯರು, ಅಪಾಯದ ಪ್ರಯಾಣ ಎಲ್ಲ ಅದರಲ್ಲಿದೆ. ಕನ್ನಡದ ಮನೆಗಳಲ್ಲಿ ಬೆಳೆದ ಗೆಳತಿಯರಿಗೆ 'ಚಂದಮಾಮ'ದ ಧಾರಾವಾಹಿಗಳು ನೆನಪಾಗಬಹುದು. ಬೀಗ ಹಾಕಿದ ಕೋಟೆಯ ಬಾಗಿಲ ಮುಂದೆ ವೀರನನ್ನು ನಿಲ್ಲಿಸಿ 'ಇನ್ನೂ ಇದೆ' ಎನ್ನುವ ವಿದ್ಯೆ ಅಮೆರಿಕದವರೇ ಕಂಡುಹಿಡಿದದ್ದಲ್ಲ. ಹಾಗಾಗಿ ಇಂಥ ಕಥೆ ಓದುವುದು ಪರದೇಶದ ಚಟ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನು ಜಗಳದ ಮಾತು.

ಮೊದಲನೆಯದು, ಮೊದಲ ಅಧ್ಯಾಯದ ಅಪಾಚಿಗಳು. ಅವರಿಗೆ ಹೆಸರಿಲ್ಲ, ಮಾತಿಲ್ಲ, ಕಾರಣವೂ ಇಲ್ಲ. ಕಾರ್ಟರ್ ಚಿನ್ನ ಅಗೆಯಲು ಬಂದ ಬೆಟ್ಟ ಅವರದೇ ಎಂಬ ಮಾತು ಎಲ್ಲೂ ಬರುವುದಿಲ್ಲ. ಅವರ ಬಗ್ಗೆ ಸಿಗುವುದು ಇಂಗ್ಲಿಷಿನ 'ಸ್ಯಾವೇಜ್' ಎಂಬ ಒಂದು ಪದ. ಮುನ್ನುಡಿಯಲ್ಲಿ ಇನ್ನೊಂದು ಮಾತು ಬರುತ್ತದೆ: ಕಾರ್ಟರ್ ಎಂದರೆ ಮನೆಯ ಗುಲಾಮರಿಗೆಲ್ಲ ಪೂಜ್ಯಭಾವ ಇತ್ತಂತೆ. ಗುಲಾಮಗಿರಿ ಉಳಿಸಿಕೊಳ್ಳಲು ಹೋರಾಡಿದ ರಾಜ್ಯಗಳ ಸೈನಿಕನನ್ನು ಆ ಗುಲಾಮರೇ ಮೆಚ್ಚುತ್ತಿದ್ದರು ಎಂದು ಹೇಳುತ್ತಿರುವುದು ಮಾಲೀಕನ ಮನೆಯವನು. ಗುಲಾಮರನ್ನು ಕೇಳಿದವರಿಲ್ಲ.

ಇದು ನನಗೆ ದೂರದ ವಿಷಯವಾಗಿ ಕಾಣಲಿಲ್ಲ. ನಮ್ಮ ಸಿನಿಮಾಗಳಲ್ಲಿ ಸಾಬರ ಪಾತ್ರ ಬಂದರೆ 'ನಿಮ್ದುಕೆ, ನಮ್ದುಕೆ' ಎಂದೇ ಮಾತಾಡಬೇಕು ಎಂಬ ಕಾನೂನು ಇದೆಯೋ ಏನೋ. ಒಂದೋ ನಗಿಸಬೇಕು, ಇಲ್ಲವೇ ಕಣ್ಣಿಗೆ ಸುರ್ಮಾ ಹಚ್ಚಿಕೊಂಡು ಹೆದರಿಸಬೇಕು. ಆ ಪಾತ್ರದ ಮನೆಯಲ್ಲಿ ಅಮ್ಮಿ ಇದ್ದಾರಾ, ಅವನ ಮಗಳು ಪಿಯುಸಿ ಓದುತ್ತಿದ್ದಾಳಾ, ಯಾರೂ ತೋರಿಸುವುದಿಲ್ಲ. ಅಪಾಚಿ ಹುಡುಗಿಯೊಬ್ಬಳು ಈ ಕಾದಂಬರಿಯ ಮೊದಲ ಅಧ್ಯಾಯ ಓದಿದರೆ ಅವಳಿಗೆ ಹೇಗಾಗುತ್ತದೆ ಎಂದು ನಾನು ಊಹಿಸಬಲ್ಲೆ.

ಆದರೆ ನ್ಯಾಯ ಎರಡೂ ಕಡೆ ಒಂದೇ ಇರಬೇಕು. ನಾನಿ ಹೇಳುತ್ತಿದ್ದ ದಾಸ್ತಾನ್‌ಗಳಲ್ಲೂ ಎದುರಾಳಿಗಳು ಜಾದೂಗಾರರು, ಕಾಫಿರರು. ಅವರು ಸಾವಿರಗಟ್ಟಲೆ ಸಾಯುತ್ತಾರೆ, ಯಾರೂ ಅಳುವುದಿಲ್ಲ. ಅವರ ಮನೆಯ ಸುದ್ದಿಯೂ ನಮಗೆ ಗೊತ್ತಿಲ್ಲ. ಬರೋಸ್ ಅವರನ್ನು ಕೇಳುವ ಪ್ರಶ್ನೆಯನ್ನು ನಮ್ಮ ಕಥೆಗಳಿಗೆ ಕೇಳದಿದ್ದರೆ ಅದು ಓದು ಆಗುವುದಿಲ್ಲ, ಪಕ್ಷಪಾತ ಆಗುತ್ತದೆ.

ಎರಡನೆಯ ಜಗಳ ರಾಜಕುಮಾರಿಯ ಬಗ್ಗೆ. ಪುಸ್ತಕದ ಹೆಸರೇ 'ಮಂಗಳದ ರಾಜಕುಮಾರಿ'. ಹೀಲಿಯಂ ಎಂಬ ನಗರದ ಡೇಜಾ ಥೋರಿಸ್ ಸೆರೆಸಿಕ್ಕು ಹಸಿರು ಜನರ ಸಭೆಯ ಮುಂದೆ ನಿಲ್ಲುತ್ತಾಳೆ. ಆಗ ಅವಳು ಅಳುವುದಿಲ್ಲ. ತಾವು ಯುದ್ಧಕ್ಕೆ ಬಂದವರಲ್ಲ, ಗಾಳಿಯ ಪ್ರವಾಹಗಳ ನಕ್ಷೆ ಮಾಡಲು, ವಾತಾವರಣದ ಸಾಂದ್ರತೆ ಪರೀಕ್ಷಿಸಲು ಹೊರಟ ವೈಜ್ಞಾನಿಕ ತಂಡ ಎಂದು ಹೇಳುತ್ತಾಳೆ. ಈ ಕೆಲಸ ನಿಂತರೆ ಶತ್ರುಗಳಾದ ನಿಮಗೂ ಉಸಿರಾಡಲು ಗಾಳಿ ಇರುವುದಿಲ್ಲ ಎನ್ನುತ್ತಾಳೆ. 1912ರಲ್ಲಿ ಬಂದ ಕಥೆಯಲ್ಲಿ ವಿಜ್ಞಾನದ ಮಾತಾಡುವ ಹುಡುಗಿ! ನಾನು ನೆಟ್ಟಗೆ ಕೂತೆ. ಆಮೇಲೆ ಏನಾಗುತ್ತದೆ? ಅವಳನ್ನು ಯಾರೋ ಹಿಡಿಯುತ್ತಾರೆ, ಕಾರ್ಟರ್ ಬಿಡಿಸುತ್ತಾನೆ, ಮತ್ತೆ ಅಪಾಯ, ಮತ್ತೆ ಅವನ ಕತ್ತಿ. ತನ್ನ ಜನರನ್ನು ಉಳಿಸಲು ಶತ್ರು ರಾಜಕುಮಾರನನ್ನು ಮದುವೆಯಾಗಲು ಒಪ್ಪುವುದೊಂದೇ ಅವಳು ಸ್ವತಃ ತೆಗೆದುಕೊಳ್ಳುವ ದೊಡ್ಡ ನಿರ್ಧಾರ, ಅದನ್ನೂ ಕಾರ್ಟರನ ಕತ್ತಿಯೇ ತಪ್ಪಿಸುತ್ತದೆ. ಆ ಗಾಳಿಯ ನಕ್ಷೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ನನಗೆ ಆ ನಕ್ಷೆಯ ಕಥೆ ಬೇಕಾಗಿತ್ತು.

ಹಾಗಾದರೆ ಇಂಥ ಪುಸ್ತಕ ಯಾಕೆ ಓದಬೇಕು ಎಂದು ಕೆಲವರು ಕೇಳಬಹುದು. ನನ್ನ ಉತ್ತರ ಪುಸ್ತಕದ ಒಳಗೇ ಇದೆ. ಹಸಿರು ಜನರ ಟಾರ್ಸ್ ಟಾರ್ಕಸ್ ಮೊದಲು ಕಾಣಿಸಿಕೊಳ್ಳುವುದು ರಾಕ್ಷಸನಾಗಿ. ಅವರಲ್ಲಿ ತಾಯಿ ತಂದೆ ಎಂಬುದೇ ಇಲ್ಲ, ಮೊಟ್ಟೆಯಿಂದ ಬಂದ ಮರಿಗಳನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗಿ ಸಾಕುತ್ತಾರೆ. ಇನ್ನೊಬ್ಬರ ನೋವು ನೋಡಿದಾಗ ಮಾತ್ರ ನಗುತ್ತಾರೆ. ಅವರ ನಡುವೆ ಸೋಲಾ ಎಂಬ ಒಬ್ಬಳಿಗೆ ಮಾತ್ರ ಕರುಣೆ ಇದೆ. ಯಾಕೆಂದರೆ ಅವಳ ತಾಯಿ ನಿಯಮ ಮೀರಿ ಮೊಟ್ಟೆಯನ್ನು ಬಚ್ಚಿಟ್ಟು, ಮಗಳನ್ನು ಮಗಳೆಂದು ಪ್ರೀತಿಸಿದ್ದಳು. ಸಿಕ್ಕಿಬಿದ್ದಾಗ ತಂದೆ ಯಾರೆಂದು ಹೇಳದೆ ಚಿತ್ರಹಿಂಸೆಯಲ್ಲಿ ಸತ್ತಳು. ಆ ತಂದೆ ಟಾರ್ಸ್ ಟಾರ್ಕಸ್. ವರ್ಷಗಟ್ಟಲೆ ಅವನು ಆ ನೋವನ್ನು ಯಾರಿಗೂ ತೋರಿಸದೆ ಬದುಕಿದ್ದಾನೆ. ಈ ಭಾಗ ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಪದಕ್ಕೆ ಒಂದು ಸೆಂಟೂ ಸಿಗದ ಬರವಣಿಗೆ ಅದು.

ಅಂದರೆ ನಾಲ್ಕು ಕೈಗಳ ಹಸಿರು ಯೋಧನಿಗೂ ಒಂದು ಮನೆಯ ಕಥೆ ಇದೆ ಎಂದು ಬರೋಸ್ ಅವರಿಗೆ ಗೊತ್ತಿತ್ತು. ಆದರೆ ಅಪಾಚಿಗೂ ಅದು ಇದೆ ಎಂದು ಆಗ ಬರೆಯಲಿಲ್ಲ. ಇಲ್ಲೊಂದು ಮುಖ್ಯ ವಿಷಯ ಹೇಳಬೇಕು. ಬರೋಸ್ 1896ರಲ್ಲಿ ಅರಿಜೋನಾದಲ್ಲಿ ಅಮೆರಿಕದ ಅಶ್ವದಳದ ಸೈನಿಕರಾಗಿದ್ದವರು. ಅದೇ ಬರೋಸ್ 1927ರಲ್ಲಿ 'ದಿ ವಾರ್ ಚೀಫ್', 1933ರಲ್ಲಿ 'ಅಪಾಚಿ ಡೆವಿಲ್' ಎಂಬ ಕಾದಂಬರಿಗಳನ್ನು ಪ್ರಕಟಿಸಿದರು. ಅವುಗಳ ನಾಯಕ ಅಪಾಚಿಗಳ ನಡುವೆ ಬೆಳೆದು ಅವರ ಪರವಾಗಿ ಹೋರಾಡುವ ಯುವಕ. ಬಿಳಿಯರ ಮೋಸವನ್ನು ಆ ಕಾದಂಬರಿಗಳು ಅಪಾಚಿಗಳ ಕಡೆಯಿಂದ ನೋಡುತ್ತವೆ. ಬರೆದವರೇ ಇನ್ನೊಂದು ಕಡೆ ಹೋಗಿ ನಿಂತು ನೋಡಿರುವಾಗ, ಓದುವವರು ಒಂದೇ ಪುಸ್ತಕ ನೋಡಿ ಬಾಗಿಲು ಹಾಕುವುದು ಸರಿಯಲ್ಲ. ಹಾಗೆಯೇ "ಅಯ್ಯೋ, ಕಥೆ ತಾನೇ, ಎಂಜಾಯ್ ಮಾಡಿ ಬಿಡಿ" ಎನ್ನುವುದೂ ಸರಿಯಲ್ಲ. ಸುಲಭವಾಗಿ, ಖುಷಿಯಿಂದ ಓದಿದ ಮಾತುಗಳೇ ನಮ್ಮ ತಲೆಯಲ್ಲಿ ಹೆಚ್ಚು ದಿನ ಉಳಿಯುತ್ತವೆ.

ಆದ್ದರಿಂದ ನನ್ನದೊಂದು ಪ್ರಸ್ತಾಪ. ಭಾರತದ ಕಾಪಿರೈಟ್ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಕೃತಿಗೆ ರಕ್ಷಣೆ ಇರುತ್ತದೆ. ಬರೋಸ್ ತೀರಿಕೊಂಡದ್ದು 1950ರಲ್ಲಿ. ಹಾಗಾಗಿ 2011ರಿಂದ ಈ ಕಾದಂಬರಿಯನ್ನು ಇಲ್ಲಿ ಯಾರು ಬೇಕಾದರೂ ಅನುವಾದ ಮಾಡಬಹುದು, ಅನುಮತಿ ಬೇಕಿಲ್ಲ, ರಾಯಲ್ಟಿ ಇಲ್ಲ. ನಮ್ಮ ಈ ಪತ್ರಿಕೆಯಲ್ಲೇ ಸಂಚಿಕೆಗೊಂದು ಅಧ್ಯಾಯದಂತೆ ಕನ್ನಡದಲ್ಲಿ ತರೋಣ. ಉರ್ದು ಪುಟದ ಜವಾಬ್ದಾರಿ ಹೊತ್ತವರು ಒಪ್ಪಿದರೆ ಅಲ್ಲಿಯೂ ತರೋಣ. ಪ್ರತಿ ಅಧ್ಯಾಯದ ಕೆಳಗೆ ಒಂದು ಚಿಕ್ಕ ಜಾಗ ಬಿಡೋಣ. ಈ ಅಧ್ಯಾಯದಲ್ಲಿ ಯಾರ ಮಾತು ಕೇಳಿಸಲಿಲ್ಲ ಎಂದು ಓದಿದವರು ಅಲ್ಲಿ ಬರೆಯಲಿ.

ನಾನು ಮೊದಲ ಅಧ್ಯಾಯ ಶುರು ಮಾಡಿದ್ದೇನೆ. 'ಸ್ಯಾವೇಜ್' ಎಂಬ ಪದದ ಹತ್ತಿರ ಪೆನ್ನು ನಿಂತಿತು. 'ಕಾಡುಜನ' ಎಂದರೆ ಕಾಡಿನಲ್ಲಿ ಗೌರವದಿಂದ ಬದುಕುವವರಿಗೆ ಅವಮಾನ. 'ಅನಾಗರಿಕ' ಎಂದರೆ ನಾಗರಿಕರು ಯಾರೆಂದು ನಾನೇ ತೀರ್ಪು ಕೊಟ್ಟಂತೆ. ಉರ್ದುವಿನ 'ವಹಶಿ' ಇನ್ನೂ ಕಟುವಾಗಿದೆ. ಪದವನ್ನೇ ಬಿಟ್ಟು ಮುಂದೆ ಹೋದರೆ ಲೇಖಕರು ಹಾಗೆ ಹೇಳಲೇ ಇಲ್ಲ ಎಂದು ಸುಳ್ಳು ಹೇಳಿದಂತೆ. ಸದ್ಯ 'ಅನಾಗರಿಕ' ಎಂದೇ ಬರೆದು, ಇದು ಕಾರ್ಟರನ ಮಾತು ಎಂದು ಕೆಳಗೆ ಟಿಪ್ಪಣಿ ಹಾಕಿದ್ದೇನೆ. ಇದಕ್ಕಿಂತ ಒಳ್ಳೆಯ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ. ಕನ್ನಡ ವಿಭಾಗದ ಉಪನ್ಯಾಸಕರಲ್ಲೂ ಇದೇ ವಿನಂತಿ.

ಒಟ್ಟು 28 ಅಧ್ಯಾಯಗಳಿವೆ. ನಾವು ಕಾಲೇಜು ಬಿಡುವಷ್ಟರಲ್ಲಿ ನಾಲ್ಕೈದು ಮುಗಿಯಬಹುದು, ಉಳಿದದ್ದನ್ನು ಮುಂದಿನ ಬ್ಯಾಚಿನವರು ಮುಂದುವರಿಸಲಿ. ವಿಜ್ಞಾನ ವಿಭಾಗದವರೂ ಬನ್ನಿ, ಆ ಗಾಳಿ ಕಾರ್ಖಾನೆಯ ಅಧ್ಯಾಯ ನಮ್ಮಿಂದ ಆಗುವುದಲ್ಲ. ಪ್ರತಿ ಗುರುವಾರ ಕೊನೆಯ ಪೀರಿಯಡ್ ಮುಗಿದ ಮೇಲೆ ಗ್ರಂಥಾಲಯದ ಕಿಟಕಿ ಪಕ್ಕದ ಮೇಜಿನಲ್ಲಿ ಇರುತ್ತೇನೆ. ಪುಸ್ತಕ ನನ್ನ ಹತ್ತಿರ ಇದೆ. ಹಾಳೆ ತಿರುವುವಾಗ ಮಾತ್ರ ಸ್ವಲ್ಪ ಮೆಲ್ಲಗೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ